ಗುರಮ್ಮನ ಎಡಗಿವಿ

ಪೀರಪ್ಪ ಮಿಸ್ತ್ರಿಯ ಮಳಿಗೆಗೆ ಪಂಚಾಯ್ತಿಯವರು ತಮ್ಮ ಬೀಗ ಹಾಕಿದರು. ಅವನ ಪಾನಾ, ಜಾಕು, ಸುತ್ತಿಗೆ, ಸಾಮಾನಿನ ಪೆಟ್ಟಿಗೆ ಎಲ್ಲವೂ ಶಟರಿನ ಒಳಗೆ ಉಳಿದವು. ಮಿಸ್ತ್ರಿ ಹೊರಗೆ ಉಳಿದ.

ಜೇವರ್ಗಿಯಲ್ಲಿ ಗುಲ್ಬರ್ಗಾ-ಬಿಜಾಪುರ ರಸ್ತೆಗೆ ಮುಖ ಮಾಡಿ ಪಂಚಾಯ್ತಿಯವರು ಕಟ್ಟಿಸಿದ ಹೊಸ ಕಾಂಪ್ಲೆಕ್ಸು ಅದು. ಅದು ಏಳುವ ಮೊದಲು ಆ ಜಾಗದಲ್ಲಿ ಒಂದು ಬೇವಿನ ಗಿಡವಿತ್ತು, ಗಿಡದ ಕೆಳಗೆ ಪೀರಪ್ಪನ ತಗಡಿನ ಶೆಡ್ಡಿತ್ತು. ಲಾರಿ, ಜೀಪು, ಟ್ರ್ಯಾಕ್ಟರು, ಸತ್ತುಬಿದ್ದ ಫಟಫಟಿ, ಎಲ್ಲವೂ ಅಲ್ಲಿಗೆ ಬಂದು ಜೀವ ತುಂಬಿಸಿಕೊಂಡು ಹೋಗುತ್ತಿದ್ದವು. ಗಿಡ ಕಡಿದರು, ಶೆಡ್ಡು ಕಿತ್ತರು. ಮಳಿಗೆ ಆದ ಮೇಲೆ ನಿನಗೂ ಒಂದು ಕೊಡುತ್ತೇವೆ ಎಂದರು. ಕೊಡುವ ಮನಸ್ಸು ಯಾರಿಗೂ ಇರಲಿಲ್ಲ. ಆದರೆ ಚೀಟಿ ಎತ್ತುವ ದಿನ ಮೇಲಿನಿಂದ ಯಾರೋ ಅಧಿಕಾರಿ ಬಂದು ಎದುರಿಗೇ ಕೂತುಬಿಟ್ಟಿದ್ದರಿಂದ ಆಟ ಕೆಟ್ಟಿತು. ಡಬ್ಬಿಯೊಳಗಿನ ಚೀಟಿಗೆ ಯಾರ ಜಾತಿ ಯಾವುದೆಂದು ತಿಳಿಯುವ ಬುದ್ಧಿ ಇರಲಿಲ್ಲ. ರಸ್ತೆಗೆ ಹತ್ತಿದ ಮೂಲೆಯ ಮಳಿಗೆ, ಎಲ್ಲರೂ ಕಣ್ಣಿಟ್ಟಿದ್ದ ಮಳಿಗೆ, ಹೊಲಗೇರಿಯ ಪೀರಪ್ಪನ ಪಾಲಿಗೆ ಬಂತು.

ಮರುದಿನದಿಂದಲೇ ಓಣಿಯ ಹಿರಿಯರಿಗೆ ಸದ್ದು ಕೇಳಿಸತೊಡಗಿತು. ಗ್ಯಾರೇಜು ಇನ್ನೂ ಶುರುವಾಗಿರಲಿಲ್ಲ. ಪೀರಪ್ಪ ಸಾಮಾನು ತಂದಿಟ್ಟು, ಶಟರಿಗೆ ಊದುಬತ್ತಿ ಬೆಳಗಿ, ಎಳ್ಳಮವಾಸ್ಯೆ ಮುಗಿಸಿ ಕೆಲಸ ಹಿಡಿಯುತ್ತೇನೆ ಎಂದು ಹೋಗಿದ್ದ, ಅಷ್ಟೆ. ಆದರೆ ಬಾಜೂ ಮಳಿಗೆಯ ಅರಿವೆ ಅಂಗಡಿ ಚಂದ್ರಾಮಪ್ಪನಿಗೆ ಮಧ್ಯಾಹ್ನದ ನಿದ್ದೆ ಹಾರಿಹೋಯಿತು. ಹೊಡೆಯದ ಸುತ್ತಿಗೆ ಅವನ ತಲೆಯೊಳಗೆ ಹೊಡೆಯುತ್ತಿತ್ತು. ಚೆಲ್ಲದ ಕರಿ ಎಣ್ಣೆ ಹರಿದು ಬಂದು ಅವನ ಇಳಕಲ್ಲ ಸೀರೆಗಳಿಗೆ ಹತ್ತುತ್ತಿತ್ತು. ಇನ್ನೂ ಬಾರದ ಲಾರಿಯವರು ಗುಡಿಗೆ ಹೋಗುವ ಹೆಣ್ಣುಮಕ್ಕಳ ಕಡೆ ನೋಡಿ ಹಲ್ಲು ಕಿರಿಯುತ್ತಿದ್ದರು. ಇದೇ ಚಂದ್ರಾಮಪ್ಪ ಹೋದ ವರ್ಷ ಹವಳಗಾದಿಂದ ಬರುವಾಗ ಜೀಪು ಕೈಕೊಟ್ಟು, ಬೇವಿನ ಗಿಡದ ಕೆಳಗೆ ಸಂಜೆತನಕ ಪೀರಪ್ಪನ ಎದುರು ಕುಕ್ಕರುಗಾಲಲ್ಲಿ ಕೂತಿದ್ದ. ಅಂದು ಪೀರಪ್ಪ ಸುತ್ತಿಗೆ ಕೆಳಗಿಟ್ಟರೆ, ಯಾಕಪಾ ನಿಂದ್ರಸಿದಿ, ಇನ್ನೊಂದು ಹಾಕು ಎನ್ನುತ್ತಿದ್ದವನು ಅವನೇ.

ಸೋಮವಾರ ಬಂತೆಂದರೆ ಚಂದ್ರಾಮಪ್ಪ ಮಠದ ಗೋಷ್ಠಿಯಲ್ಲಿ ಎದ್ದು ನಿಲ್ಲುತ್ತಿದ್ದ. ದುಡಿಯುವ ಕೈಗಿಂತ ದೊಡ್ಡದಿಲ್ಲ, ಶರಣರಲ್ಲಿ ಮೇಲುಕೀಳಿಲ್ಲ ಎಂದು ಕಣ್ಣೀರು ಬರುವಂತೆ ಮಾತಾಡುತ್ತಿದ್ದ. ಕಣ್ಣೀರು ಅವನಿಗೇ ಬರುತ್ತಿತ್ತು. ಮಂಗಳವಾರ ಅಂಗಡಿ ತೆರೆಯುವ ಹೊತ್ತಿಗೆ ಒಣಗಿರುತ್ತಿತ್ತು.

ಗ್ಯಾರೇಜು ಬೇಡವೆಂದು ಓಣಿಯ ಹಿರಿಯರೆಲ್ಲ ಕೂಡಿ ಪಂಚಾಯ್ತಿಗೆ ಅರ್ಜಿ ಕೊಟ್ಟರು, ಬೀಗ ಬಿತ್ತು. ಅರ್ಜಿಯಲ್ಲಿ ಬರೆದ ಕಾರಣಗಳು ಬಹಳ ಇದ್ದವು. ಬರೆಯದೆ ಉಳಿಸಿಕೊಂಡದ್ದು ಒಂದೇ. ಕಾಂಪ್ಲೆಕ್ಸಿನ ಪಡಸಾಲೆಯಲ್ಲಿ ಅಂಗಡಿಯವರೆಲ್ಲ ಕೂಡಿ ಕುಡಿಯುವ ನೀರಿನ ಹರವಿ ಇಟ್ಟಿದ್ದರು. ನೀರಡಿಸಿದರೆ ಮೂಲೆಯ ಮಳಿಗೆಯವನೂ ಅದಕ್ಕೇ ಬರುತ್ತಾನಲ್ಲ.

ಇದನ್ನೆಲ್ಲ ಗುರಮ್ಮ ತನ್ನ ಖೋಲಿಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದಳು. ಕಾಂಪ್ಲೆಕ್ಸಿನ ಬಗಲಿಗೆ ಅವಳ ಮೈದುನ ದೌಲತರಾಯನ ಹಿಟ್ಟಿನ ಗಿರಣಿ, ಗಿರಣಿಯ ಬೆನ್ನಿಗೆ ಅವಳ ಖೋಲಿ. ಗಂಡ ಕಲ್ಯಾಣಪ್ಪ ತೀರಿಕೊಂಡ ಮೇಲೆ ದೌಲತರಾಯ ಮನೆಯ ಮುಂಭಾಗ ಒಡೆದು ಗಿರಣಿ ಹಾಕಿದ. ಹಿಂದಿನ ಖೋಲಿಯಲ್ಲಿ ವೈನಿ ಇರಲಿ ಎಂದ. ಇರಲಿ ಎಂದದ್ದನ್ನು ಊರೇ ದೊಡ್ಡ ಧರ್ಮವೆಂದು ಹೊಗಳಿತು. ಆ ಮನೆಯ ಅರ್ಧ ಕಲ್ಯಾಣಪ್ಪನದಾಗಿತ್ತು ಎಂಬುದನ್ನು ಹೊಗಳುವ ಭರದಲ್ಲಿ ಊರು ಮರೆಯಿತು. ದೌಲತರಾಯ ಈಗ ಪಂಚಾಯ್ತಿ ಮೆಂಬರು. ಓಣಿಗೆಲ್ಲ ಟೀವಿ ಇದ್ದದ್ದು ಅವನ ಮನೆಯಲ್ಲಿ ಒಂದೇ. ಗಿರಣಿಯ ಗೋಡೆಗೆ ಬಸವಣ್ಣನವರ ಫೋಟೋ ತೂಗುಹಾಕಿದ್ದ. ವರ್ಷಗಳಿಂದ ಹಿಟ್ಟು ಹಾರಿ ಹಾರಿ ಫೋಟೋದಲ್ಲಿ ಯಾರಿದ್ದಾರೆಂದೇ ತಿಳಿಯುತ್ತಿರಲಿಲ್ಲ.

ಗಿರಣಿ ತಿರುಗುವಾಗ ಗುರಮ್ಮನ ಗೋಡೆ ನಡುಗುತ್ತಿತ್ತು. ಹಲಗೆಯ ಮೇಲಿನ ಗಂಗಾಳಗಳು ತಾವಾಗಿ ಸರಿಯುತ್ತ ಅಂಚಿಗೆ ಬರುತ್ತಿದ್ದವು. ಅವಳು ಎದ್ದು ಹಿಂದಕ್ಕೆ ನೂಕಬೇಕು, ಮತ್ತೆ ಬರುತ್ತಿದ್ದವು. ಖಾರ ಬೀಸುವ ದಿನಗಳಲ್ಲಿ ಓಣಿಗೆ ಓಣಿಯೇ ಸೀನುತ್ತಿತ್ತು. ಸೀನುತ್ತ ಸೀನುತ್ತ ಯಾರೂ ಅರ್ಜಿ ಬರೆಯಲಿಲ್ಲ. ಗಿರಣಿಯ ಗೋಡೆಗೆ ಹತ್ತಿ ಮಲಗುವವಳ ಎಡಗಿವಿ ಮೊದಲು ಮಂದವಾಯಿತು, ಆಮೇಲೆ ಹೋಯಿತು. ವಯಸ್ಸಾಯಿತು ಎಂದರು. ಅವಳೂ ಹೌದೆಂದಳು.

ಹೋದ ಕಿವಿಯನ್ನು ಗುರಮ್ಮ ದಂಡ ಮಾಡಲಿಲ್ಲ. ಮಾತು ಬೇಡವಾದವರು ಬಂದರೆ ಆ ಕಡೆ ಎಡಗಿವಿ ತಿರುಗಿಸಿ ಕೂಡುತ್ತಿದ್ದಳು. ಅವರು ಗಂಟಲು ಹರಿದುಕೊಂಡು ಎದ್ದು ಹೋಗುವತನಕ ಮುಖದ ಮೇಲೆ ಒಂದು ಗೆರೆ ಅಲುಗುತ್ತಿರಲಿಲ್ಲ. ಅವಳು ಯಾರಿಗೆ ಎಷ್ಟು ಕಿಮ್ಮತ್ತು ಕೊಡುತ್ತಾಳೆ ಎಂಬುದು ಯಾವ ಕಿವಿ ಕೊಟ್ಟಳು ಎನ್ನುವುದರ ಮೇಲೆ ಓಣಿಗೆ ಗೊತ್ತಾಗುತ್ತಿತ್ತು. ಚಂದ್ರಾಮಪ್ಪ ಅವಳ ಬಲಗಿವಿಯನ್ನು ಇದುವರೆಗೂ ಕಂಡಿರಲಿಲ್ಲ.

ಪೀರಪ್ಪನಿಗೆ ಬಲಗಿವಿ ಸಿಕ್ಕಿತ್ತು. ಶೆಡ್ಡಿನ ದಿನಗಳಿಂದ ಮಧ್ಯಾಹ್ನ ಅವನು ಅವಳ ಕಟ್ಟೆಗೆ ಬಂದು ಚಹಾ ಕುಡಿದು ಹೋಗುವ ರೂಢಿ. ಬರುವಾಗ ರಸ್ತೆಯ ಸುದ್ದಿಯೆಲ್ಲ ತರುತ್ತಿದ್ದ. ಯಾವ ಗೌಡನ ಟ್ರ್ಯಾಕ್ಟರು ಎಲ್ಲಿ ಹೂತುಕೊಂಡಿತು, ಯಾವ ಸಾಹೇಬನ ಜೀಪು ಯಾರ ಮನೆಯ ಮುಂದೆ ನಿಂತು ಕೆಟ್ಟಿತು, ಅಲ್ಲಿಗೆ ಅದು ಯಾಕೆ ಹೋಗಿತ್ತು, ಇಂಥವು. ಅವನಿಗಾಗಿ ಒಂದು ಚಹಾದ ಕಪ್ಪು ಹೊರಗೋಡೆಯ ಗೂಡಿನಲ್ಲಿ ಬೇರೆಯೇ ಇರುತ್ತಿತ್ತು. ಹಿಡಿಕೆ ಮುರಿದ, ನೀಲಿ ಗೆರೆಯ ಕಪ್ಪು. ಅವನು ಅದನ್ನು ತಾನೇ ತೆಗೆದುಕೊಳ್ಳಬೇಕು, ಅವಳು ಮೇಲಿನಿಂದ ಚಹಾ ಹೊಯ್ಯಬೇಕು, ಕುಡಿದು ತಾನೇ ತೊಳೆದು ಬೋರಲು ಹಾಕಬೇಕು. ಇದನ್ನು ಯಾರೂ ಯಾರಿಗೂ ಹೇಳಿರಲಿಲ್ಲ. ಮೊದಲ ದಿನದಿಂದ ಹಾಗೇ ನಡೆದಿತ್ತು.

ಬೀಗ ಬಿದ್ದ ಮೇಲೂ ಅವನು ಬಂದ. ನಿನ್ನ ಸಾಮಾನನ್ನಾದರೂ ಕೊಟ್ಟರೇನಪಾ ಎಂದು ಗುರಮ್ಮ ಕೇಳಿದಳು.

"ವಿಚಾರಣಿ ಆಗೂತನಕ ಕೊಡಂಗಿಲ್ಲಂತ್ರಿ. ಸದ್ದು ಮಾಡ್ತಾವಂತ. ಕತ್ತಲ್ಯಾಗ ಕುಂತು ತಾವ ತಾವ ಬಡದಾಡಾಕತ್ತಾವ ನನ್ನ ಪಾನಾ."

ಗುರಮ್ಮ ನಕ್ಕಳು. ನಕ್ಕು, ಓಣಿಯ ಹಿರಿಯರನ್ನು ಒಬ್ಬೊಬ್ಬರನ್ನಾಗಿ ಎಳೆದು ಕಟ್ಟೆಯ ಮೇಲೆ ಹಾಕಿ ಸುಲಿದಳು. ಚಂದ್ರಾಮಪ್ಪನ ಕಣ್ಣೀರು, ದೌಲತರಾಯನ ಧರ್ಮ, ಹರವಿ ಮೈಲಿಗೆಯಾದೀತೆಂದು ಎದೆ ಹೊಡೆದುಕೊಳ್ಳುವ ಇವರ ಶರಣಧರ್ಮ, ಒಂದನ್ನೂ ಬಿಡಲಿಲ್ಲ. ಪೀರಪ್ಪ ತಲೆಯಾಡಿಸುತ್ತ ಕೇಳಿದ. ಚಹಾ ಮುಗಿಸಿ, ಕಪ್ಪು ತೊಳೆದು, ಗೂಡಿನಲ್ಲಿ ಬೋರಲು ಹಾಕಿದ.

"ಅವ್ರು ಕೊಟ್ಟ ಮಳಿಗಿ ಕಸಗೊಂಡ್ರು, ಹೌದ್ರಿ," ಎಂದ. "ನೀವು ನೋಡ್ರಿ, ಮೊದಲ ಒಂದು ಮಳಿಗಿ ಕೊಟ್ಟೀರಿ ನನಗ, ಈ ಗೂಡಿನ್ಯಾಗ. ಇದಕ್ಕ ಯಾರೂ ಬೀಗ ಹಾಕಂಗಿಲ್ಲ ಬಿಡ್ರಿ ಎವ್ವಾ."

ನಗುತ್ತಲೇ ಹೇಳಿದ, ಹೆಗಲ ಮೇಲಿನ ಟವೆಲ್ಲು ಝಾಡಿಸಿಕೊಂಡು ಹೋದ. ಗುರಮ್ಮ ಎಡಗಿವಿ ತಿರುಗಿಸುವಷ್ಟರಲ್ಲಿ ಹೊತ್ತಾಗಿತ್ತು. ಮಾತು ಬಲಗಿವಿಯಿಂದಲೇ ಒಳಗೆ ಹೋಗಿತ್ತು.

ಈ ನಡುವೆ ದೌಲತರಾಯ ಸುಮ್ಮನಿರಲಿಲ್ಲ. ಮೂಲೆಯ ಮಳಿಗೆಯನ್ನು ಅವನು ಅಳಿಯನ ಬೀಜ-ಗೊಬ್ಬರದ ಅಂಗಡಿಗೆಂದು ಮನಸ್ಸಿನಲ್ಲೇ ಸುಣ್ಣ ಹೊಡೆಸಿ ಇಟ್ಟಿದ್ದ. ವಿಚಾರಣೆಗೆ ತಾಲೂಕಾ ಕಚೇರಿಯಿಂದ ಸಾಹೇಬ ಬರುವುದು ಗೊತ್ತಾಗಿತ್ತು. ಸದ್ದು, ಎಣ್ಣೆ, ಲಾರಿಯವರು ಎಂದು ಬರೆದ ಅರ್ಜಿಗಳನ್ನು ಸಾಹೇಬರು ದಿನಾ ನೋಡುತ್ತಾರೆ. ಅದಕ್ಕೆ ಒಂದು ಜೀವ ಬೇಕು, ಬಾಧೆಪಟ್ಟ ಜೀವ, ಮುದಿ ಜೀವವಾದರೆ ಇನ್ನೂ ಚಲೋ. ಹಾಗೆ ಯೋಚಿಸುತ್ತಿದ್ದಾಗ ಅವನಿಗೆ ತನ್ನ ವೈನಿಯ ಕಿವಿ ನೆನಪಾಯಿತು. ಅದು ಹೋಗುವಾಗ ನೆನಪಾಗಿರಲಿಲ್ಲ.

ಹೆಂಡತಿ ಸುಮಿತ್ರಾಬಾಯಿಯನ್ನೂ ಒಂದು ಹೊಸ ಸೀರೆಯನ್ನೂ ಕರೆದುಕೊಂಡು ಅವನು ಖೋಲಿಗೆ ಬಂದ. ಗುರಮ್ಮ ಎಡಗಿವಿ ಕೊಟ್ಟು ಕೂತಳು. ಸುಮಿತ್ರಾಬಾಯಿ ಜಾಣೆ. ಸುತ್ತುಹಾಕಿ ಬಂದು ಬಲಕ್ಕೆ ಕೂತಳು, ಗಂಡನನ್ನೂ ಅಲ್ಲಿಗೇ ಕರೆದಳು.

ದೌಲತರಾಯ ಮೊದಲು ಅವಳ ಆರೋಗ್ಯ ಕೇಳಿದ. ಆಮೇಲೆ, ಪಾಪ, ಆ ಶೆಡ್ಡಿನವನು ವರ್ಷಗಟ್ಟಲೆ ಕಬ್ಬಿಣ ಬಡಿದು ಬಡಿದು ನಿಮ್ಮ ಕಿವಿ ಕಳೆದ ಎಂದು ಮರುಗಿದ. ನಾಳೆ ಅವನು ಬಗಲಿಗೇ ಬಂದು ಕೂತರೆ ಉಳಿದ ಕಿವಿಯೂ ಹೋಗುತ್ತದೆ, ಸಾಹೇಬನ ಮುಂದೆ ವಿಭೂತಿ ಹಿಡಿದು ಇಷ್ಟು ಹೇಳಿದರೆ ಸಾಕು ಎಂದ. ಆಣೆಯ ಮಾತಿಗೆ ಸಾಹೇಬನೂ ಇಲ್ಲ ಎನ್ನಲಾರ.

"ಶೆಡ್ಡು ಗಿಡದ ಕೆಳಗ ಇತ್ತು," ಎಂದಳು ಗುರಮ್ಮ. "ಗಿರಣಿ ನನ್ನ ಗ್ವಾಡಿಗೆ ಅದ."

ದೌಲತರಾಯನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. "ಗಿರಣಿ ಸದ್ದು ಮನಿ ಸದ್ದುರಿ ವೈನಿ. ಮನಿ ಸದ್ದು ಮನ್ಯಾನವ್ರಿಗೆ ಬಾಧಿಸಂಗಿಲ್ಲ."

ಸುಮಿತ್ರಾಬಾಯಿ ಸೀರೆಯ ಮಡಿಕೆ ಬಿಚ್ಚಿ ತೋರಿಸುತ್ತ ಮಾತು ಮುಂದುವರಿಸಿದಳು. ಗಿರಣಿಗೆ ಇನ್ನೊಂದು ಕಲ್ಲು ಹಾಕಬೇಕಂತೆ, ಜಾಗ ಸಾಲದಂತೆ, ಈ ಖೋಲಿ ಒಡೆಯೋಣ ಎಂದು ಮಂದಿಯೆಲ್ಲ ಹೇಳುತ್ತಾರಂತೆ. ಇವರೇ, ನಮ್ಮ ವೈನಿ ಎಲ್ಲಿಗೆ ಹೋಗಬೇಕು ಎಂದು ತಡೆದಿದ್ದಾರಂತೆ. ದನಿಯಲ್ಲಿ ಜೇನು ಸುರಿಯುತ್ತಿತ್ತು. ಖೋಲಿ ಹೋದರೆ ಗುರಮ್ಮನಿಗೆ ಉಳಿದದ್ದು ನಿಂಬರ್ಗಾದ ತವರಿನಲ್ಲಿ ಅಣ್ಣನ ಮಕ್ಕಳ ಅಂಗಳವೊಂದೇ, ಅಲ್ಲಿಯೂ ಆಡು ಕಟ್ಟಿದ ಮೇಲೆ ಉಳಿದಷ್ಟು ಜಾಗ. ಅದನ್ನು ಸುಮಿತ್ರಾಬಾಯಿ ಬಲ್ಲಳು. ಗುರಮ್ಮ ನೋಡೋಣು ಎಂದಳು. ಗಂಡಹೆಂಡಿರು ಅದನ್ನೇ ಹೌದು ಎಂದುಕೊಂಡು ಸೀರೆ ಬಿಟ್ಟು ಎದ್ದರು.

ಅವರು ಹೋದ ಮೇಲೆ ಅವಳಿಗೆ ಅವರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತನ್ನ ಆ ನೋಡೋಣು ಎಂಬ ಮಾತಿನ ಮೇಲೆ ಬಂತು. ಆದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೋಗಲಿಲ್ಲ. ಇರಲು ಒಂದು ಖೋಲಿ ಬೇಕಿತ್ತು. ಸೀರೆಯನ್ನು ಮಾತ್ರ ಮುಟ್ಟಲಿಲ್ಲ, ಇಟ್ಟಲ್ಲೇ ಬಿದ್ದಿತ್ತು.

ಸಾಹೇಬ ಬರುವುದು ಎಳ್ಳಮವಾಸ್ಯೆಯ ಹಿಂದಿನ ದಿನ ಎಂದಾಯಿತು. ದೌಲತರಾಯ ಬಹಳ ಬುದ್ಧಿ ಓಡಿಸಿ ಒಂದು ಹುಕುಂ ಹೊರಡಿಸಿದ. ಅವತ್ತು ಗಿರಣಿ ಬಂದ್. ಪಡಸಾಲೆಯಲ್ಲಿ ಕೂತ ಸಾಹೇಬನ ಕಿವಿಗೆ ಗಿರಣಿಯ ಆರ್ಭಟ ಬಿದ್ದರೆ ಸದ್ದಿನ ಅರ್ಜಿಯ ಗತಿಯೇನು? ಓಣಿ ಎಷ್ಟು ಶಾಂತವಾಗಿದೆ, ಇಂಥ ಓಣಿಯಲ್ಲಿ ಗ್ಯಾರೇಜೇ ಎಂದು ಸಾಹೇಬನಿಗೆ ಅನಿಸಬೇಕು. ಹಿರಿಯರೆಲ್ಲ ಭಲೆ ಎಂದರು.

ಎಳ್ಳಮವಾಸ್ಯೆಗೆ ಊರಿಗೆ ಊರೇ ಹೊಲಕ್ಕೆ ಹೋಗಿ, ಭೂತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣುತ್ತದೆ. ಸಜ್ಜೆ ರೊಟ್ಟಿ, ಜೋಳದ ಕಡಬು, ಕಾಳು-ಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ. ಮನೆಯವರಿಗಷ್ಟೇ ಅಲ್ಲ, ಹಾದಿಯಲ್ಲಿ ಸಿಕ್ಕವರನ್ನೂ ಕರೆದು ಬಡಿಸುವಷ್ಟು ಆಗಬೇಕು. ವರ್ಷದಲ್ಲಿ ಗಿರಣಿಗೆ ಎಂದೂ ಬರದಷ್ಟು ಸಜ್ಜೆ, ಜೋಳ ಆ ಹಿಂದಿನ ದಿನ ಬರುತ್ತದೆ. ಇದು ದೌಲತರಾಯನಿಗೆ ಹೊಳೆಯಲಿಲ್ಲ, ಚಂದ್ರಾಮಪ್ಪನಿಗೆ ಹೊಳೆಯಲಿಲ್ಲ, ಭಲೆ ಎಂದ ಒಬ್ಬನಿಗೂ ಹೊಳೆಯಲಿಲ್ಲ. ಅವರು ಯಾರೂ ಜನ್ಮದಲ್ಲಿ ಹಿಟ್ಟಿನ ಡಬ್ಬಿ ಹೊತ್ತವರಲ್ಲ. ರೊಟ್ಟಿ ತಾಟಿನಲ್ಲೇ ಹುಟ್ಟುತ್ತದೆ ಎಂದು ತಿಳಿದವರು.

ಆ ದಿನ ಬೆಳಕು ಹರಿಯುವ ಹೊತ್ತಿಗೆ ಡಬ್ಬಿಗಳು ಬರತೊಡಗಿದವು. ಬಿಸಿಲೇರಿದಾಗ ಗಿರಣಿಯ ಗೋಡೆಯುದ್ದಕ್ಕೂ ಹೆಂಗಸರು ಕೂತಿದ್ದರು. ಎಲ್ಲರಿಗಿಂತ ಮುಂದೆ ಖಾಸೀಂಬಿ. ಓಣಿಯ ಬಾಣಂತಿಯರಿಗೆಲ್ಲ ಎರೆಯುವವಳು, ಬಾಯಿ ದೊಡ್ಡದು. ಗಿರಣಿ ಯಾಕೆ ತೆಗೆದಿಲ್ಲ ಎಂದು ಕೇಳಿದವರಿಗೆಲ್ಲ ಅವಳೇ ಉತ್ತರ ಕೊಡುತ್ತಿದ್ದಳು.

"ಸಾಹೇಬ ಬಂದು ಸದ್ದು ಕೇಳ್ತಾನಂತ ಬೇ. ಅದಕ್ಕ ಸದ್ದು ಮಾಡೂದು ಬಂದ್ ಮಾಡ್ಯಾರ. ಇವ್ರ ಅಕಲಿನ ಹಿಟ್ಟ ಬೀಸಿ ರೊಟ್ಟಿ ಬಡಕೋ ನಾಳಿಗೆ, ಅದಾದ್ರ ಮಣಗಟ್ಲೆ ಅದ."

ಗುರಮ್ಮ ಒಳಗೆ ಒಲೆಯ ಮುಂದಿದ್ದಳು. ಆ ಮಾತು ಅವಳಿಗೆ ಒಳಗೇ ಕೇಳಿಸಿತು. ಕೇಳಿಸಿತಲ್ಲ ಎಂದು ಅವಳೇ ಬೆರಗಾದಳು. ಹಗಲು ಹೊತ್ತಿನಲ್ಲಿ ಹೊರಗಿನ ಮಾತು ಒಳಗೆ ಕೇಳಿ ಎಷ್ಟು ಕಾಲವಾಗಿತ್ತೋ. ಹಾಲು ಕುದಿಯುವುದು ಕೇಳಿಸಿತು. ಜಂತೆಯಲ್ಲಿ ಗುಬ್ಬಿ ಇರುವುದು ಕೇಳಿಸಿತು. ಹೆಂಗಸರ ಬಳೆ, ಯಾರದೋ ಕೆಮ್ಮು, ರಸ್ತೆಯಲ್ಲಿ ಎತ್ತಿನ ಕೊರಳ ಗಂಟೆ. ಎಲ್ಲವೂ ಬಲಗಿವಿಯಲ್ಲಿ.

ಎಡಗಿವಿಯಲ್ಲಿ ಗಿರಣಿ ತಿರುಗುತ್ತಿತ್ತು.

ಅವಳು ಒಲೆ ಬಿಟ್ಟೆದ್ದು ಗೋಡೆಗೆ ಅಂಗೈ ಇಟ್ಟಳು. ಗೋಡೆ ಸತ್ತಂತೆ ತಣ್ಣಗಿತ್ತು. ಗಂಗಾಳಗಳು ಇಟ್ಟಲ್ಲೇ ಇದ್ದವು. ಬಲಗಿವಿಗೆ ಬೆರಳಿಟ್ಟು ಮುಚ್ಚಿಕೊಂಡಳು. ಗುಬ್ಬಿ ಹೋಯಿತು, ಬಳೆ ಹೋದವು, ಗಿರಣಿ ಉಳಿಯಿತು. ಅದೇ ಗರಗರ, ಅದರ ನಡುವೆ ಬೆಲ್ಟಿನ ಪಟ್ಟೆಯ ಹೊಲಿಗೆ ಚಕ್ರಕ್ಕೆ ತಾಗಿದಾಗಲೆಲ್ಲ ಬರುವ ಅದೇ ಚಟ್ ಎಂಬ ಪೆಟ್ಟು, ಒಂದೂ ತಪ್ಪದೆ. ವಯಸ್ಸಿಗೆ ಪಟ್ಟೆ ಇರುವುದಿಲ್ಲ, ಹೊಲಿಗೆ ಇರುವುದಿಲ್ಲ. ಇದು ವಯಸ್ಸಲ್ಲ. ಮೈದುನ ಹೊರಗೆ ಗಿರಣಿ ನಿಲ್ಲಿಸಿದ್ದ, ಅವಳ ತಲೆಯೊಳಗೆ ಹಾಕಿದ್ದನ್ನು ನಿಲ್ಲಿಸುವುದು ಅವನ ಕೈಯಲ್ಲೂ ಇರಲಿಲ್ಲ. ಅದರ ಮೇಲೆ ಇಂದು ವಿಭೂತಿ ಹಿಡಿದು ಪೀರಪ್ಪನ ಹೆಸರು ಹೇಳಬೇಕು.

ಅವಳು ಹೊರಗೆ ಬಂದು ಗೂಡಿನ ಮುಂದೆ ನಿಂತಳು. ಕಪ್ಪು ಬೋರಲು ಬಿದ್ದಿತ್ತು. ಇಷ್ಟು ವರ್ಷ ಅವಳು ಅದನ್ನು ಕೈಯಿಂದ ಮುಟ್ಟಿರಲಿಲ್ಲ. ತೆಗೆದುಕೊಂಡಳು. ಒಳಗಿನ ಹಲಗೆಯ ಮೇಲೆ ಇಡಬೇಕೆಂದು ಹೊರಟು ಹೊಸ್ತಿಲಲ್ಲಿ ಕಾಲು ತಡೆಯಿತು. ಇಡಲು ಆಗಲಿಲ್ಲ, ಗೂಡಿಗೆ ಮರಳಿಸಲೂ ಆಗಲಿಲ್ಲ. ಅಷ್ಟರಲ್ಲಿ ಸುಮಿತ್ರಾಬಾಯಿ ಬಂದು, ಸಾಹೇಬ ಬಂದಾನ, ಹೊಸ ಸೀರೆ ಉಟ್ಟಿಲ್ಲಲ್ಲ ಎಂದು ಗೊಣಗುತ್ತ ಅವಳ ರಟ್ಟೆ ಹಿಡಿದು ಕರೆದೊಯ್ದಳು. ಕಪ್ಪು ಕೈಯಲ್ಲೇ ಉಳಿಯಿತು.

ಪಡಸಾಲೆಯಲ್ಲಿ ಕುರ್ಚಿ ಹಾಕಿ ಸಾಹೇಬನನ್ನು ಕೂಡಿಸಿದ್ದರು. ಮಧ್ಯಾಹ್ನದ ಬಸ್ಸಿಗೆ ಮರಳುವ ಆತುರದವನು. ಹಿರಿಯರು ಹಣೆತುಂಬ ವಿಭೂತಿ ಬಳಿದುಕೊಂಡು ಸುತ್ತ ನಿಂತಿದ್ದರು. ಪೀರಪ್ಪ ಪಡಸಾಲೆಯ ಕೆಳಗೆ, ಬಿಸಿಲಲ್ಲಿ, ಬೀಗ ಬಿದ್ದ ತನ್ನ ಶಟರಿನ ಎದುರು ನಿಂತಿದ್ದ. ಅವನನ್ನು ಯಾರೂ ಮೇಲೆ ಕರೆದಿರಲಿಲ್ಲ. ತೆರೆಯದ ಗ್ಯಾರೇಜು ಸದ್ದು ಹೇಗೆ ಮಾಡಿತು ಎಂದು ಸಾಹೇಬ ಕೇಳಿದ. ಮುಂದೆ ಆಗುವ ಸದ್ದು ಈಗಲೇ ಬಾಧಿಸುತ್ತಿದೆ ಎಂದು ಚಂದ್ರಾಮಪ್ಪ ವಿನಯದಿಂದ ತಿಳಿಸಿದ. ಸಾಹೇಬ ಅದನ್ನೂ ಬರೆದುಕೊಂಡ. ಓಣಿ ಎಷ್ಟು ಶಾಂತ ಅದ ನೋಡ್ರಿ ಎಂದು ದೌಲತರಾಯ ಕೈ ಬೀಸಿದ. ಹಾಗಾದರೆ ಆ ಹೆಂಗಸರು ಯಾಕೆ ಕೂತಿದ್ದಾರೆ ಎಂದು ಸಾಹೇಬ ಡಬ್ಬಿಗಳ ಸಾಲು ತೋರಿಸಿದ.

"ಶಾಂತ ಬೀಸಾಕ ಬಂದೇವ್ರಿ ಸಾಬ," ಎಂದಳು ಖಾಸೀಂಬಿ ಕೂತಲ್ಲಿಂದಲೇ. ಗೋಡೆಯುದ್ದಕ್ಕೂ ನಗು ಹರಿಯಿತು.

ದೌಲತರಾಯ ಗಡಿಬಿಡಿಯಿಂದ ಗುರಮ್ಮನನ್ನು ಮುಂದೆ ತಂದ. ಇವರು ನಮ್ಮ ವೈನಿ, ತಾಯಿಯ ಹಾಗೆ, ಶೆಡ್ಡಿನ ಸುತ್ತಿಗೆಗೆ ಇವರ ಕಿವಿ ಬಲಿಯಾಯಿತು ಎಂದ. ತಾಟಿನಲ್ಲಿ ವಿಭೂತಿ ಗಟ್ಟಿ ಬಂತು. ಕೈಯಲ್ಲಿ ಹಿಡ್ಕೊಂಡು ಹೇಳ್ರಿ ಎಂದ.

ಗುರಮ್ಮ ತಾಟನ್ನು ನೋಡಿದಳು, ಶಟರಿನ ಮೇಲಿನ ಬೀಗ ನೋಡಿದಳು. ನಿಧಾನವಾಗಿ ಹರವಿಯ ಹತ್ತಿರ ಹೋದಳು. ಮುಚ್ಚಳ ಸರಿಸಿ, ಬಲಗೈಯಲ್ಲಿದ್ದ ಕಪ್ಪನ್ನು ಹರವಿಯೊಳಗೆ ಮಣಿಕಟ್ಟಿನವರೆಗೆ ಅದ್ದಿ ತುಂಬಿಕೊಂಡು, ತುಟಿ ಹಚ್ಚಿ ಕುಡಿದಳು. ಚಂದ್ರಾಮಪ್ಪನಿಗೆ ಆ ನೀಲಿ ಗೆರೆಯ ಗುರುತು ಹತ್ತಿತು. ತನ್ನ ಗಲ್ಲಾದ ಮೇಲೆ ಕೂತು ಪೀರಪ್ಪನ ತುಟಿಗೆ ಅದು ಹತ್ತುವುದನ್ನು ದಿನಾ ಕಂಡವನು ಅವನು. ಅವನ ಮುಖ ಬಿಳುಪಾಗಿ, ಹಣೆಯ ವಿಭೂತಿ ಯಾವುದು ಹಣೆ ಯಾವುದು ತಿಳಿಯದಂತಾಯಿತು. ಹರವಿ ಹೋತು, ಹರವಿ ಹೋತು ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಬಿಸಿಲಲ್ಲಿ ನಿಂತ ಪೀರಪ್ಪ ಒಮ್ಮೆ ಕಪ್ಪನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ನಗಲಿಲ್ಲ.

"ಸಾಹೇಬ್ರ, ಬರ್ಕೋರಿ," ಎಂದಳು ಗುರಮ್ಮ. "ನನ್ನ ಕಿವಿ ತಿಂದದ್ದು ಇವನ ಗಿರಣಿ. ಇವತ್ತ ನಿಂದ್ರಸ್ಯಾನ, ಒಳಗ ಇನ್ನಾ ತಿರಗಾಕತ್ತದ. ಪೀರಪ್ಪನ ಸುತ್ತಿಗಿ ನನಗ ಏನೂ ಮಾಡಿಲ್ಲ."

ದೌಲತರಾಯ ಅವಳ ಪಕ್ಕಕ್ಕೆ ಬಂದು ಬಾಗಿ, ಹಲ್ಲು ಕಚ್ಚಿ ಏನೇನೋ ಹೇಳಿದ. ಖೋಲಿಯ ಮಾತೇ ಇರಬೇಕು, ನಿಂಬರ್ಗಾದ ಮಾತೂ ಇರಬೇಕು. ಸಿಟ್ಟಿನಲ್ಲಿ ಅವನು ಎಡಗಿವಿಗೆ ಬಾಗಿದ್ದ. ಅಲ್ಲಿ ಅವನದೇ ಗಿರಣಿ ತಿರುಗುತ್ತಿತ್ತು, ಒಂದು ಅಕ್ಷರವೂ ಒಳಗೆ ಹೋಗಲಿಲ್ಲ. ಅವನು ನೆಟ್ಟಗಾದ. ಸಾಹೇಬನ ಮುಂದೆ, ಹಿರಿಯರ ಮುಂದೆ, ಡಬ್ಬಿ ಹಿಡಿದ ಅಷ್ಟು ಹೆಂಗಸರ ಮುಂದೆ ದನಿ ಎತ್ತಿದ.

"ವೈನಿ, ಆ ಕಪ್ಪು ಕೆಳಗಿಡ್ರಿ. ವಿಭೂತಿ ಹಿಡೀರಿ."

ಗುರಮ್ಮ ತಿರುಗಿ ಅವನಿಗೆ ಬಲಗಿವಿ ಕೊಟ್ಟಳು. ಅವನು ಮತ್ತೊಮ್ಮೆ ಹೇಳಿದ. ಪೂರ್ತಿ ಕೇಳಿಸಿಕೊಂಡಳು.

"ಇಡೂದಿಲ್ಲ," ಎಂದಳು.